ಸ್ಟೇರಿಂಗ್ ಸುಂಕಲಮ್ಮ

ನಮ್ಮ ಜಗಳೂರಾಗೆ ಸುಂಕಲಮ್ಮ ಅಂತ ಹೆಸರಿಟ್ಕೊಂಡೋರು ಓಣಿಗೊಬ್ಬರು ಸಿಗ್ತಾರೆ. ಸ್ಟೇರಿಂಗ್ ಸುಂಕಲಮ್ಮ ಮಾತ್ರ ಒಬ್ಬಳೇ. ಅವಳ ಸುದ್ದಿ ಬೇಕು ಅಂದ್ರೆ ನನ್ನ ಕೇಳ್ರಿ, ಬೇರೆಯೋರು ಹೇಳೋದ್ರಾಗೆ ಅರ್ಧ ಸುಳ್ಳು, ಇನ್ನರ್ಧ ಮಸಾಲೆ. ನಾನು ಭೀಮಕ್ಕ, ಬಸ್ ಸ್ಟ್ಯಾಂಡ್ ಎದುರಿಗೆ ಮಂಡಕ್ಕಿ, ಮೆಣಸಿನಕಾಯಿ ಮಾರ್ತಾ ಕೂತೋಳು. ಅವಳ ಮನೆಗೂ ನಮ್ಮನೆಗೂ ನಡುವೆ ಒಂದೇ ಗೋಡೆ. ಅವಳು ಕೆಮ್ಮಿದ್ರೂ ನನಗೆ ಗೊತ್ತಾಗೋದು.

ಅವಳ ಗಂಡ ಚಿಕ್ಕಹನುಮಂತಪ್ಪ ಡ್ರೈವರ್. ಯಾರೋ ಗುತ್ತಿಗೆದಾರ ಓಡಿಸಿ ಓಡಿಸಿ ಬಿಸಾಕಿದ್ದ ಹಳೇ ಡೀಸೆಲ್ ಜೀಪು ತಂದು, ತಾನೇ ಬಿಚ್ಚಿ ತಾನೇ ಜೋಡಿಸಿ ರಸ್ತೆಗಿಳಿಸಿದ್ದ. ಬಸ್ಸು ಮುಖ ತೋರಿಸದ ಹಳ್ಳಿಗಳಿಗೆ ಅದೇ ಬಸ್ಸು. ಹೆರಿಗೆ ನೋವಿನೋರು, ಸಂತೆ ಮೂಟೆ, ಮದುವೆ ದಿಬ್ಬಣ, ಎಲ್ಲಾ ಅದರಾಗೇ. ಕಲ್ಲು ದಾರಿ ಇರ್ಲಿ, ಹಳ್ಳದ ಮರಳಿರ್ಲಿ, ಗುರ್ ಅಂತ ಹತ್ತಿ ಹೋಗೋದು. ಎಪ್ಪತ್ತೊಂಬತ್ತನೇ ಇಸವೀಲಿ ಹೊಟ್ಟೆನೋವು ಅಂತ ಮಲಗಿದೋನು ಏಳಲೇ ಇಲ್ಲ, ಪುಣ್ಯಾತ್ಮ. ಸುಂಕಲಮ್ಮನಿಗೆ ಉಳಿದದ್ದು ಇಬ್ಬರು ಸಣ್ಣ ಹೆಣ್ಣುಮಕ್ಕಳು, ಆ ಜೀಪು. ನಿಯಾಜ್ ಅಹಮದ್ ಅನ್ನೋ ಡ್ರೈವರನ್ನ ಇಟ್ಕೊಂಡು ಬಾಡಿಗೆ ಓಡಿಸಾಕೆ ಶುರು ಮಾಡಿದ್ಲು. ಜೀಪು ಓಡಿದ್ರೆ ಅವರ ಮನೆ ಒಲೆ ಉರಿಯೋದು.

ಇನ್ನು ಆ ಜೀಪಿನ ಮೇಲೆ ಕಣ್ಣಿಟ್ಟಿದ್ದ ಕಳ್ಳನ ಸುದ್ದಿ. ಹೊರಗಿನೋನಾಗಿದ್ರೆ ಎಷ್ಟೋ ವಾಸಿ ಇತ್ತು ಕಣ್ರಿ. ಕಳ್ಳ ಅವಳ ಮೈದುನ, ಪಾಲಣ್ಣ. ಚನ್ನಗಿರೀಲಿ ಅಡಿಕೆ ಲಾರಿ ಓಡಿಸ್ತಿದ್ದ. ಅಣ್ಣನ ತಿಥಿಗೆ ಬಂದೋನು ಹೊಟ್ಟೆ ತುಂಬ ಉಂಡು, ಕೈ ಒರೆಸ್ಕೊಂತಾ ಹೋಗಿ ಜೀಪಿನ ಸೀಟಿನ ಮೇಲೆ ಕೂತ.

“ಅತ್ತಿಗೆ, ಇದು ನಮ್ಮಣ್ಣಂದು. ಅಣ್ಣಂದು ಅಂದ್ರೆ ನಂದು. ಹೆಂಗಸು, ನಿನಗ್ಯಾಕೆ ಈ ಉಸಾಬರಿ? ಚನ್ನಗಿರಿ ತೋಟದ ಸಾಹುಕಾರರೊಬ್ಬರು ಕೇಳ್ತಾವ್ರೆ. ಮಾರಿಬಿಡ್ತೀನಿ.”

“ನನ್ನ ಮಕ್ಕಳ ಅನ್ನ ಅದು. ಮುಟ್ಟಬ್ಯಾಡ, ಇಳಿ ಕೆಳಗೆ” ಅಂದ್ಲು ಸುಂಕಲಮ್ಮ.

ಅವನು ಇಳಿದ, ನಗ್ತಾ ಇಳಿದ. “ಕೊಡದಿದ್ರೆ ತಗೊಂಡು ಹೋಗಾಕೆ ನನಗೆ ಬರಲ್ವಾ?” ಅಂದ. ಅಲ್ಲಿದ್ದ ಹಿರೀಕರು ಒಬ್ಬರೂ ತುಟಿ ಬಿಚ್ಚಲಿಲ್ಲ. ಮನೆ ವಿಚಾರ ಅಂತೆ! ಅವತ್ತು ಅವರಿಗೆ ಬಡಿಸಿದ್ದ ಹೋಳಿಗೆ ವಾಪಸ್ ಕಿತ್ಕೊಳ್ಳೋಣ ಅನ್ನಿಸ್ತು ನನಗೆ.

ತಗೊಂಡು ಹೋಗೋದೇನು ಕಷ್ಟದ ಕೆಲಸ ಅಲ್ಲ. ಆ ಕಾಲದ ಜೀಪಿಗೆ ಕೀ ಅನ್ನೋದು ಹೆಸರಿಗಷ್ಟೇ. ಬಾಗಿಲಿಲ್ಲ, ಕಿಟಕಿಯಿಲ್ಲ, ಮೇಲೊಂದು ತಾಡಪಾಲು. ಇಳಿಜಾರಿನಾಗೆ ನೂಕಿ ಗೇರಿಗೆ ಹಾಕಿದ್ರೆ ಇಂಜಿನ್ನು ಕೀ ಕೇಳ್ದೇನೇ ಎದ್ದು ಕೂರೋದು. ನಮ್ಮ ಓಣಿ ಬೇರೆ ಇಳಿಜಾರು. ಮೊದಲು ಚಕ್ರಕ್ಕೆ ಕಲ್ಲು ಕೊಟ್ಟಿದ್ಲು. ಒಂದಿನ ಬೆಳಿಗ್ಗೆ ಎದ್ದು ನೋಡಿದ್ರೆ ಕಲ್ಲು ಪಕ್ಕಕ್ಕಿದೆ, ಜೀಪು ನಾಲ್ಕು ಮನೆ ಕೆಳಗೆ ಹೋಗಿ ಚರಂಡೀಲಿ ಸಿಕ್ಕಾಕ್ಕೊಂಡೈತೆ. ಆಮೇಲೆ ಬೇವಿನ ಮರಕ್ಕೆ ಸರಪಳಿ ಬಿಗಿದ್ಲು. ಸರಪಳಿ ಅರ್ಧ ಕೊಯ್ದಿತ್ತು. ಆಮೇಲೆ ನಾಯಿ ಕಟ್ಟಿದ್ಲು. ಆ ನಾಯಿಗೆ ಪಾಲಣ್ಣ ಮನೆಯೋನೇ ಅಲ್ವೇನ್ರಿ? ಅವನು ಬಂದು ನಿಂತ್ರೆ ಬಾಲ ಅಲ್ಲಾಡಿಸ್ಕೊಂಡು ಕೈ ನೆಕ್ತಿತ್ತು, ಹಾಳಾದ್ದು.

ಸುಂಕಲಮ್ಮನಿಗೆ ಕೂತ್ರೆ ನಿಂತ್ರೆ ಅದೇ ಚಿಂತೆ. ರೊಟ್ಟಿ ತಟ್ತಾ ತಟ್ತಾ ಎದ್ದು ಬಾಗಿಲಿಗೆ ಬರೋಳು. ಅರ್ಧ ಸ್ನಾನಕ್ಕೇ ಹೊರಗೆ ಇಣುಕೋಳು. ದೂರದಾಗೆ ಯಾವ ಗಾಡಿ ಸದ್ದಾದ್ರೂ “ಭೀಮಕ್ಕ, ನಮ್ದೇನೇ?” ಅಂತ ಗೋಡೆ ಆಚೆಯಿಂದ ಕೂಗೋಳು. “ನಿಮ್ದು ಮನೆ ಮುಂದೇ ಬಿದ್ದೈತೆ ಕಣೆ, ಸುಮ್ನಿರು” ಅಂತ ಬೈದು ಬೈದು ನನಗೇ ಸಾಕಾಗಿ ಹೋಯ್ತು. ಕೆನ್ನೆ ಮೂಳೆ ಎದ್ದು ಬಂತು ಅವಳಿಗೆ.

ಒಂದಿನ ಸಾಯಂಕಾಲ ನಿಯಾಜ್ ಜೀಪು ನಿಲ್ಲಿಸಿದೋನು ಪಾನಾ ತಗೊಂಡು ಸ್ಟೇರಿಂಗಿನ ನಡುವಿನ ನಟ್ಟು ಬಿಚ್ಚಿ, ಆ ದುಂಡನೇ ಚಕ್ರ ಎತ್ತಿ ಅವಳ ಕೈಗಿಟ್ಟ.

“ಅಕ್ಕಾ, ಇದನ್ನ ನೀವೇ ಇಟ್ಕೊಳ್ರಿ. ಬೆಳಿಗ್ಗೆ ಬಂದು ನಾನೇ ಹಾಕ್ಕೊಂತೀನಿ. ಇದಿಲ್ದೆ ಯಾವ ಸೂಳೆಮಗ ಓಡಿಸ್ತಾನೋ ನೋಡೋಣ. ನಾಳೆ ಗಾಡಿ ಹೋಯ್ತು ಅಂದ್ರೆ ಡ್ರೈವರ್ ಮೇಲೆ ಬರಬಾರ್ದು ನೋಡ್ರಿ.”

ಅವತ್ತಿಂದ ಸ್ಟೇರಿಂಗ್ ಅವಳ ಕಂಕುಳು ಬಿಡಲಿಲ್ಲ. ಜೀಪು ನಿಂತಿರೋ ಹೊತ್ತಾಗೆಲ್ಲ ರೇಷನ್ ಅಂಗಡಿಗೆ ಹೋದ್ರೂ ಸ್ಟೇರಿಂಗ್, ಹಿಟ್ಟಿನ ಗಿರಣಿಗೆ ಹೋದ್ರೂ ಸ್ಟೇರಿಂಗ್. ಓಣಿ ಮಕ್ಕಳು ಹಿಂದೆ ಬಿದ್ದು “ಪೀಂ ಪೀಂ” ಅನ್ನೋರು. “ಅಡ್ಡ ಬರಬ್ಯಾಡ್ರೋ, ಬ್ರೇಕಿಲ್ಲ” ಅಂತ ಅವಳೂ ನಗೋಳು. ಹೆಸರು ಹಂಗೇ ಅಂಟ್ಕೊಂತು.

ಇನ್ನೊಂದು ಹೇಳ್ಬೇಕು, ಅವಳ ಜೀಪು ಪೂಜೆ. ದಿನಾ ಬೆಳಿಗ್ಗೆ ನಿಯಾಜ್ ಬರೋ ಮುಂಚೆ ಬಾನೆಟ್ಟಿಗೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಡ್ರೈವರ್ ಸೀಟಿನ ಮೇಲೆ ಕೂತು ಮೊಣಕಾಲಿಗೆ ಹಣೆ ಮುಟ್ಟೋ ಹಂಗೆ ಬಗ್ಗಿ ಕೈ ಮುಗಿಯೋಳು. ಸಾಯಂಕಾಲ ಜೀಪು ಬಂದು ನಿಂತ ಮೇಲೂ ಹಂಗೇ. ಆ ಪೂಜೆ ಆಗೋವರೆಗೂ ನಿಯಾಜ್ ಬೀಡಿ ಸೇದ್ತಾ ದೂರ ನಿಲ್ತಿದ್ದ. “ಮನೆ ದೇವರಿಗೂ ಇಷ್ಟು ಬಗ್ಗಿದೋಳಲ್ಲ ನೀನು. ಜೀಪಿಗೆ ಒಂದು ಗುಡಿ ಕಟ್ಟಿಸು, ನಾನು ಹಣ್ಣು ಕಾಯಿ ಅಂಗಡಿ ಇಡ್ತೀನಿ” ಅಂತ ನಾನು ರೇಗಿಸ್ತಿದ್ದೆ. ಗಂಡನ ಗಾಡಿ, ಗಂಡನ ಸೀಟು. ಏನು ಪ್ರೀತಿನಪ್ಪಾ ಅಂತ ಊರೆಲ್ಲ ಮಾತಾಡ್ಕೊಂತಿತ್ತು.

ಎಂಬತ್ತೆರಡರ ಬೇಸಿಗೇಲಿ ಹೊನ್ನಾಳೀಲಿ ಅವಳ ಅಕ್ಕನ ಮಗಳ ಮದುವೆ ಬಂತು. ಬಿಟ್ಟು ಹೋಗಾಕೆ ಮನಸ್ಸಿಲ್ಲ, ಹೋಗದಿದ್ರೆ ಅಕ್ಕ ಬಿಡಲ್ಲ. ನಿಯಾಜ್‌ಗೆ ಒಂದೆರಡು ದಿನ ರಜಾ ಕೊಟ್ಲು. ಮಕ್ಕಳನ್ನ ನಮ್ಮನೇಲಿ ನಮ್ಮತ್ತೆ ಹತ್ರ ಬಿಟ್ವಿ. ಸಂಜೆ ಪೂಜೆ ಮುಗಿಸಿ, ಸ್ಟೇರಿಂಗ್‌ನ ಹಳೇ ಸೀರೇಲಿ ಸುತ್ತಿ, ನನ್ನನ್ನ ಜೊತೆಗೆ ಎಳ್ಕೊಂಡು ಬಸ್ ಹತ್ತಿದ್ಲು.

ಅಲ್ಲಿ ನಡೆದದ್ದು ಕೇಳ್ರಿ. ಧಾರೆ ಆಗಿ ಮುಯ್ಯಿ ಓದೋ ಹೊತ್ತು. ಮದುವೆ ಹುಡುಗಿ ಕರೆದ್ಲು ಅಂತ ಸುಂಕಲಮ್ಮ ಸೀರೆ ಗಂಟನ್ನ ಚಾಪೆ ಮೇಲೆ ಇಟ್ಟು ಅವಳ ಜಡೆಗೆ ಹೂ ಸರಿ ಮಾಡಾಕೆ ಹೋದ್ಲು. ಮೈಕು ಹಿಡಿದಿದ್ದ ಹಾಲೇಶಪ್ಪ ಅನ್ನೋ ಮುದುಕಪ್ಪ ಕೊಡ, ತಂಬಿಗೆ ಅಂತ ಒಂದೊಂದೇ ಕೂಗ್ತಾ ಬಂದೋನು, ಆ ಗಂಟು ತಡವಿ ನೋಡಿ, ದುಂಡಗಿದೆ, ಭಾರ ಐತೆ ಅಂತ, “ಜಗಳೂರು ಸುಂಕಲಮ್ಮನೋರಿಂದ ಒಂದು ದೊಡ್ಡ ಹರಿವಾಣ!” ಅಂತ ಕೂಗೇಬಿಟ್ಟ. ವಾಲಗದ ಗದ್ದಲದಾಗೆ ನಮಗಿಬ್ಬರಿಗೂ ಕೇಳಿಸಲಿಲ್ಲ. ಸಾಮಾನೆಲ್ಲ ಹೆಣ್ಣಿನ ಜೊತೆ ಟೆಂಪೋ ಹತ್ತಿ ಗಂಡಿನ ಊರು ನ್ಯಾಮತಿಗೆ ಹೋಯ್ತು.

ಗಂಟು ಕಾಣದೆ ಸುಂಕಲಮ್ಮನ ಮುಖ ಬಿಳಿಚಿಕೊಂತು. ಅಡಿಗೆ ಮನೆ ಹುಡುಕಿದ್ಲು, ಚಪ್ಪರ ಹುಡುಕಿದ್ಲು, ಎಲೆ ಬಿಸಾಕಿದ ಗುಂಡೀಲೂ ನೋಡಿದ್ಲು. “ಯಾರೋ ಪಾಲಣ್ಣನ ಕಡೆಯೋರು ಬಂದವ್ರೆ ಭೀಮಕ್ಕ, ಮುಗೀತು ನನ್ನ ಬಾಳು” ಅಂತ ಎದೆ ಎದೆ ಬಡ್ಕೊಂಡ್ಲು. ಹಾಲೇಶಪ್ಪ ನಿಧಾನಕ್ಕೆ ಎಲೆ ಅಡಿಕೆ ಅಗೀತಾ “ಆ ಹರಿವಾಣ ಏನವ್ವಾ?” ಅಂದಾಗಲೇ ಗೊತ್ತಾಗಿದ್ದು. ಅವತ್ತು ಬಸ್ಸಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ನ್ಯಾಮತಿ.

ಅಲ್ಲಿ ಗಂಡಿನ ತಾಯಿ ಉಡಚಮ್ಮ ಆಗಲೇ ಗಂಟು ಬಿಚ್ಚಿ ಸ್ಟೇರಿಂಗ್‌ನ ಮಣೆ ಮೇಲೆ ಇಟ್ಕೊಂಡು ಕೂತಿದ್ಲು. ನಮ್ಮನ್ನ ನೋಡಿದ್ದೇ ಮುಖ ಅರಳಿಸಿ, “ಬರ್ರಿ ಬರ್ರಿ, ಸ್ಟೇರಿಂಗ್ ಮುಂಚೆ ಕಳಿಸೀರಿ, ಜೀಪು ಹಿಂದಿನಿಂದ ಬರ್ತೈತೇನ್ರೀ?” ಅಂದ್ಲು. ತಮಾಷೆ ಅಲ್ಲ ಕಣ್ರಿ, ನಿಜಕ್ಕೂ ಕೇಳಿದ್ಲು! ಅವಳಿಗೆ ತಿಳಿಸಿ ಹೇಳೋದ್ರಾಗೆ ನನ್ನ ಗಂಟಲು ಬಿದ್ದು ಹೋಯ್ತು. ಕೊನೆಗೆ ಅದರ ಬದಲಿಗೆ ನಿಜವಾದ ಹರಿವಾಣ ಕಳಿಸ್ತೀನಿ ಅಂತ ಆಣೆ ಮಾಡಿ ಈಸ್ಕೊಂಡು ಬಂದ್ವಿ.

ವಾಪಸ್ ಬರೋ ಬಸ್ಸಿನಾಗೆ ಅವಳ ಅವಸ್ಥೆ ನೋಡಾಕೆ ಆಗ್ತಿದ್ದಿಲ್ಲ. ಸ್ಟೇರಿಂಗ್ ತೊಡೆ ಮೇಲೆ ಇಟ್ಕೊಂಡು, ಬಸ್ಸು ಎಡಕ್ಕೆ ತಿರುಗಿದ್ರೆ ತಾನೂ ಎಡಕ್ಕೆ ತಿರುಗಿಸೋಳು. ಹೊನ್ನಾಳಿ, ದಾವಣಗೆರೆ, ಅಲ್ಲಿಂದ ಜಗಳೂರು, ಅಷ್ಟು ದೂರ ಅವಳೇ ಬಸ್ಸು ಓಡಿಸಿದಂಗೆ. “ಹೋಗಿರ್ತೈತೆ ಭೀಮಕ್ಕ, ನನ್ನ ಮನಸ್ಸು ಹೇಳ್ತೈತೆ, ಹೋಗಿರ್ತೈತೆ.” “ಸ್ಟೇರಿಂಗ್ ನಿನ್ನ ಕೈಯಾಗೇ ಐತಲ್ಲೇ” ಅಂದೆ. “ಅವನು ಲಾರಿ ಡ್ರೈವರ್ ಕಣೆ, ಒಂದು ಸ್ಟೇರಿಂಗ್ ಸಿಗಲ್ವಾ ಅವನಿಗೆ?” ಅಂದ್ಲು. ಇದನ್ನ ತಿಳ್ಕೊಂಡೂ ಇವಳು ಮೂರು ವರ್ಷ ಈ ಚಕ್ರ ಹೊತ್ಕೊಂಡು ಯಾಕೆ ತಿರುಗಿದ್ಲು ಅಂತ ಆಗ ನನಗೆ ಹೊಳೀಲಿಲ್ಲ.

ಅವತ್ತು ನಮ್ಮೂರ ಸಂತೆ. ಬಸ್ ಇಳಿದು ನೋಡ್ತೀವಿ, ಈರುಳ್ಳಿ ರಾಶಿ, ಮೆಣಸಿನಕಾಯಿ ಚೀಲದ ನಟ್ಟನಡುವೆ ಅವಳ ಜೀಪು ನಿಂತೈತೆ. ಸುತ್ತ ಜನ. ಒಳಗೆ ಪಾಲಣ್ಣ, ಅಂಗಿ ಬೆವರಿಗೆ ಒದ್ದೆ. ಎಲ್ಲಿಂದಲೋ ತಂದ ಇನ್ನೊಂದು ಸ್ಟೇರಿಂಗ್ ಹಾಕಿದ್ದ. ಅತ್ತಿಗೆ ಊರಾಗಿಲ್ಲ ಅಂತ ಗೊತ್ತು ಮಾಡ್ಕೊಂಡು ಬೆಳಿಗ್ಗೆ ಬಂದು, ಇಳಿಜಾರಿನಾಗೆ ನೂಕಿ ಸ್ಟಾರ್ಟ್ ಮಾಡ್ಕೊಂಡು ರಾಜನಂಗೆ ಹೊರಟಿದ್ದನಂತೆ. ಸಂತೆ ಮಧ್ಯಕ್ಕೆ ಬಂದಿದ್ದೇ ಗುಟುಕ್ ಗುಟುಕ್ ಅಂತ ಜೀಪು ನಿಂತೇ ಹೋಯ್ತಂತೆ. ಅವನೂ ತಳ್ಳಿಸಿ ನೋಡಿದ್ದ, ಬಾನೆಟ್ ಎತ್ತಿ ನೋಡಿದ್ದ. ಟ್ಯಾಂಕಿಗೆ ಕಡ್ಡಿ ಇಳಿಸಿದ್ರೆ ಡೀಸೆಲ್ ತುಂಬೈತೆ, ಇಂಜಿನ್ನಿಗೆ ಮಾತ್ರ ಒಂದು ಹನಿ ಬರವಲ್ದು. ನಿಯಾಜ್ ಸುದ್ದಿ ತಿಳಿದು ಓಡಿ ಬಂದು ಜೀಪಿನ ಮುಂದೆ ಅಡ್ಡ ನಿಂತಿದ್ದ.

ಅತ್ತಿಗೇನ ನೋಡಿದ್ದೇ ಪಾಲಣ್ಣ ಮುಖ ಹುಳ್ಳಗೆ ಮಾಡ್ಕೊಂಡ. ಆದ್ರೂ ಜೋರು ಬಿಡಲಿಲ್ಲ. “ಗುಜರಿ ಗಾಡಿ ಕಣತ್ತಿಗೆ ಇದು. ಪಂಪೇ ಹೋಗೈತೆ. ತೂಕಕ್ಕೆ ಹಾಕು” ಅಂದ.

ಸುಂಕಲಮ್ಮ ಜೀಪಿನ ಹತ್ರ ಹೋದ್ಲು. “ಇಳಿಯಪ್ಪ” ಅಂದ್ಲು, ಅಷ್ಟೇ. ಅವನು ಇಳಿದ. ನಿಯಾಜ್ ಆ ಸ್ಟೇರಿಂಗ್ ಕಿತ್ತು ಇವಳದ್ದು ಹಾಕಿದ. ಅವಳು ಸೀಟಿನ ಮೇಲೆ ಕೂತು ದಿನಾ ಮಾಡ್ದಂಗೆ ಮೊಣಕಾಲಿಗೆ ಹಣೆ ಮುಟ್ಟೋ ಹಂಗೆ ಬಗ್ಗಿದ್ಲು. ನಾನು ಪಕ್ಕದಾಗೇ ನಿಂತಿದ್ದೆ, ಅವಳ ಬಲಗೈ ಕಂಡಿತು. ಮುಗಿಯೋ ಕೈ ಅಲ್ಲ ಕಣ್ರಿ ಅದು! ಸೀಟಿನ ಕೆಳಗೆ ಟ್ಯಾಂಕಿನ ಮಗ್ಗುಲಿಗೆ ಹೊಲಿದಿದ್ದ ಗೋಣಿ ತಟ್ಟಿನ ಒಳಗೆ ಹೋಗಿ, ಏನೋ ಸಣ್ಣದನ್ನ ತಿರುಪ್ತು. ಡೀಸೆಲ್ ಪೈಪಿನ ನಲ್ಲಿ ಅದು. ಸಾಯಂಕಾಲದ ಪೂಜೇಲಿ ಮುಚ್ಚೋದು, ಬೆಳಗಿನ ಪೂಜೇಲಿ ಬಿಡೋದು! ನಲ್ಲಿ ಮುಚ್ಚಿದ ಜೀಪು ಪೈಪಿನಾಗೆ ಉಳಿದಿದ್ದ ಡೀಸೆಲ್ ಮುಗಿಯೋವರೆಗೂ ಓಡಿ, ಎಲ್ಲರ ಕಣ್ಣೆದುರಿಗೆ ನಿಲ್ಲೋದು. ಸಾಯೋ ವರ್ಷ ಗಂಡ ಹಾಕಿದ್ದಂತೆ, ಗಂಡ ಹೆಂಡ್ತಿ ಇಬ್ಬರಿಗೇ ಗೊತ್ತಿದ್ದ ಗುಟ್ಟು. ಸ್ಟೇರಿಂಗ್ ಹೊತ್ಕೊಂಡು ಊರೆಲ್ಲ ತಿರುಗಿದ್ದು ಪಾಲಣ್ಣನ ಕಣ್ಣು ಆ ಕಡೆಗೇ ಇರ್ಲಿ ಅಂತ; ಈ ನಲ್ಲಿನೂ ಅವನಿಗೆ ಸಿಕ್ಕಿಬಿಟ್ರೆ ಅಂತಲೇ ಬಸ್ಸಿನಾಗೆ ಅವಳಿಗೆ ಅಷ್ಟು ದಿಗಿಲು.

“ನಿಯಾಜ್, ಡೀಸೆಲ್ ಖಾಲಿಯಾಗಿ ಪೈಪಿಗೆ ಗಾಳಿ ಹೊಕ್ಕೈತೆ, ತೆಗಿ” ಅಂದ್ಲು. ಅವನು ಪಿಳಿಪಿಳಿ ನೋಡ್ತಾ ಗಾಳಿ ತೆಗೆದ. ಹತ್ತು ಜನ ನೂಕಿದ್ರು. ಜೀಪು ಗುರ್ ಅಂತು. ಸಂತೆಗೆ ಸಂತೆಯೇ ಹೋ ಅಂತ ಕೂಗ್ತು.

ಆಗ ಸುಂಕಲಮ್ಮ ಮೈದುನನ ಕಡೆ ತಿರುಗಿದ್ಲು. “ಗಾಡಿ ಕೆಟ್ಟಿದ್ದಿಲ್ಲ ಕಣಪ್ಪ. ನಾನು ಊರಾಗಿದ್ದಿಲ್ಲ, ಅಷ್ಟೇ. ನಿಮ್ಮಣ್ಣ ನಿನಗೆ ಡ್ರೈವಿಂಗ್ ಕಲಿಸಿದ್ದು ಇದೇ ಸೀಟಿನ ಮೇಲೆ. ಓಡಿಸ್ಕೊಂತೀನಿ ಅತ್ತಿಗೆ ಅಂತ ಬಾಯಿಬಿಟ್ಟು ಕೇಳಿದ್ರೆ ಕೀ ನಿನ್ನ ಕೈಗೇ ಕೊಡ್ತಿದ್ದೆ.”

ಪಾಲಣ್ಣ ತಲೆ ತಗ್ಗಿಸ್ದ. ತಾನು ತಂದಿದ್ದ ಸ್ಟೇರಿಂಗ್ ಕಂಕುಳಾಗೆ ಇಟ್ಕೊಂಡು ಬಸ್ ಸ್ಟ್ಯಾಂಡ್ ಕಡೆ ನಡೆದ. ಓಣಿ ಮಕ್ಕಳು ಅವನ ಹಿಂದೆ “ಪೀಂ ಪೀಂ” ಅಂತ ಹೋದ್ವು. ನಾನು ಬೈಯಬೇಕು ಅಂತಿದ್ದೆ, ಬೈಯಲಿಲ್ಲ.

ನಲ್ಲಿ ಗುಟ್ಟು ತಿಳಿದ ನಿಯಾಜ್ ಮಾತ್ರ ಮುಖ ಊದಿಸ್ಕೊಂಡಿದ್ದ. “ನನಗೂ ಹೇಳ್ಲಿಲ್ವಲ್ಲ ಅಕ್ಕಾ. ನಾನು ಕಳ್ಳನಂಗೆ ಕಂಡ್ನಾ?” ಅಂದ. ಅವನ ಕಣ್ಣಾಗೆ ನೀರು. “ಅಯ್ಯೋ ಹುಚ್ಚಪ್ಪ, ನಿನಗೆ ಗೊತ್ತಿದ್ದಿದ್ರೆ ಅವನು ನಿನ್ನ ಹಿಡಿದು ಬಡೀತಿದ್ದ. ಗೊತ್ತಿಲ್ಲದೋನ ಬಾಯಿ ಯಾರೂ ಬಿಡಿಸಾಕೆ ಆಗಲ್ಲ” ಅಂದ್ಲು ಸುಂಕಲಮ್ಮ. ಆ ಸಂಜೆ ಅವನು ಬಿಚ್ಚಿ ಕೊಡಾಕೆ ಬಂದ ಸ್ಟೇರಿಂಗ್‌ನ ಇವಳು ಮುಟ್ಟಲಿಲ್ಲ. ಗಾಡೀಲೇ ಇರ್ಲಿ ಬಿಡು ಅಂದ್ಲು.

ಪಾಲಣ್ಣ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಹಾಕಿದ್ರೂ ನಲ್ಲಿ ವಿಷಯ ಸಂತೇಲೇ ಬಾಯಿಂದ ಬಾಯಿಗೆ ಹೋಗಿ ಈಗ ಜಗಳೂರಿಗೆಲ್ಲ ಗೊತ್ತು, ಅದರಿಂದ ಇನ್ನೇನೂ ಉಪಯೋಗ ಇದ್ದಿಲ್ಲ. ಆದ್ರೂ ಸುಂಕಲಮ್ಮನ ಪೂಜೆ ನಿಲ್ಲಲಿಲ್ಲ. ಸಾಯಂಕಾಲ ಜೀಪು ಬಂದು ನಿಂತ್ರೆ ಅದೇ ಸೀಟು, ಅದೇ ಬಗ್ಗೋದು, ಮೊದಲಿಗಿಂತ ಜಾಸ್ತಿ ಹೊತ್ತು. ಒಂದಿನ ನನಗೆ ತಡೆಯಾಕೆ ಆಗಲಿಲ್ಲ.

“ಇನ್ನೂ ಏನೇ ತಿರುಪ್ತೀಯ ಅಲ್ಲಿ? ಊರಿಗೆಲ್ಲ ಗೊತ್ತಾಗೈತಲ್ಲ.”

ಅವಳು ತಲೆ ಎತ್ತಿದ್ಲು. ಮುಖ ಎಲ್ಲ ಒದ್ದೆ.

“ಏನೂ ತಿರುಪ್ತಿಲ್ಲ ಭೀಮಕ್ಕ. ಮೂರು ವರ್ಷ ಇದೇ ಸೀಟಿನ ಮೇಲೆ ಬಗ್ಗಿದ್ರೂ ನನ್ನ ಗ್ಯಾನ ಎಲ್ಲ ನಲ್ಲಿ ಮೇಲೇ ಇತ್ತು. ಅವರನ್ನ ನೆನೆಸ್ಕೊಂಡು ಅಳಾಕೆ ಪುರುಸೊತ್ತೇ ಸಿಕ್ಕಿದ್ದಿಲ್ಲ.”

ನಾನು ಸೆರಗಿನಾಗೆ ಕೈ ಒರೆಸ್ಕೊಂಡು ಜೀಪು ಹತ್ತಿ ಅವಳ ಪಕ್ಕ ಕೂತೆ.