ಪೆಟ್ಟಿಗೆಯಲ್ಲಿದ್ದ ಪಟ್ಟಾ

ಮಸ್ಕಿಯ ನಮ್ಮ ಓಣಿಗೆ ಮೈಕು ಕಟ್ಟಿಕೊಂಡು ಒಂದು ಆಟೋ ಬಂದಿತ್ತು. ನಾಯಿ ಸಾಕಿದವರು ಲೈಸೆನ್ಸ್ ಮಾಡಿಸಬೇಕು, ರೇಬಿಸ್ ಲಸಿಕೆ ಹಾಕಿಸಬೇಕು, ಪಟ್ಟಾ ಇಲ್ಲದ ನಾಯಿಗಳನ್ನು ಹಿಡಿಯಲಾಗುವುದು ಎಂದು ಕೂಗಿ ಹೋಯಿತು. ಆಗ ಅವ್ವ ರೊಟ್ಟಿ ಬಡಿಯುತ್ತಿದ್ದಳು ಎಂದು ಬರೆಯಲು ಕೈ ಹೋಗುತ್ತದೆ. ನಿಜವಾಗಿ ನೆನಪಿಲ್ಲ. ರೊಟ್ಟಿಯ ಸದ್ದನ್ನು ಆಮೇಲೆ ನಾನೇ ಸೇರಿಸಿಕೊಂಡಿರಬೇಕು. ಪಟ್ಟಾ ಎಂಬ ಮಾತು ಮಾತ್ರ ಖರೆ.

ನಮ್ಮ ಕಡೆ ಪಟ್ಟಾ ಅಂದರೆ ಹೊಲದ ಹಕ್ಕಿನ ಕಾಗದ. ನಾಯಿಯ ಕೊರಳಿಗೆ ಕಟ್ಟುವುದಕ್ಕೂ ಅದೇ ಹೆಸರು. ಆದರೆ ನಮ್ಮ ಮನೆಯಲ್ಲಿ ನಾಯಿಯ ಕೊರಳಿಗೆ ಯಾರೂ ಏನನ್ನೂ ಕಟ್ಟಿದವರಲ್ಲ. ಅವ್ವ ಕಾಗದವೆಂದೇ ತಿಳಿದಳು. ದನದ ದವಾಖಾನೆಯಲ್ಲಿ ಲಸಿಕೆ ಹಾಕಿಸಿ, ನನ್ನನ್ನೂ ನಾಯಿಯನ್ನೂ ಪುರಸಭೆಯ ಕಚೇರಿಗೆ ಕರೆದುಕೊಂಡು ಹೋದಳು.

“ನಾಯಿ ಹೆಸರೇನ್ ಯವ್ವಾ?” ಗುಮಾಸ್ತ ಕೇಳಿದ.

“ಹೆಸರ್ಯಾಕ್ರೀ? ಬಾ ಅಂದ್ರ ಬರ್ತೈತಿ.”

“ಹಂಗಾರ ‘ಬಾ’ ಅಂತ ಬರೀಲೇನು?”

ಅವ್ವ ನಕ್ಕಳು. ಅವನು ಕಂದು ಬಣ್ಣ ಎಂದಷ್ಟೇ ಬರೆದುಕೊಂಡ. ಕಾಗದ ಕೊಡುತ್ತಾ, “ವರ್ಷಕ್ಕೊಮ್ಮೆ ರಿನಿವಲ್ ಮಾಡಿಸ್ಬೇಕು. ಓಣ್ಯಾಗ ಹೊಲಸು ಮಾಡಿದ್ರ ನೀವ ಬಳೀಬೇಕು. ಯಾರಿಗರ ಕಡದ್ರ ಜವಾಬ್ದಾರಿ ನಿಮ್ದ. ಪಟ್ಟಾ ಮಾತ್ರ ಮರೀಬ್ಯಾಡ್ರಿ” ಎಂದ.

“ಐತಲ್ರೀ” ಎಂದು ಅವ್ವ ಕಾಗದ ತೋರಿಸಿದಳು. ಅವನು ಅಷ್ಟರಲ್ಲಿ ಮುಂದಿನವರನ್ನು ಕರೆದಿದ್ದ.

ಅವನು ಹೇಳಿದ್ದು ಕೊರಳಿನ ಪಟ್ಟಾ ಎಂದು ನನಗೆ ಗೊತ್ತಾಗಿತ್ತು. ಹೊರಗೆ ಬಂದ ಮೇಲೆ ಹೇಳಬೇಕೆಂದಿದ್ದೆ. ಆದರೆ ಅವಳು ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು, “ಹೊಲದ ಪಟ್ಟಾ ನಿಮ್ಮಪ್ಪನ ಹೆಸರೀಲೆ ಐತಿ, ಮನಿ ನಿನ್ನ ಹೆಸರೀಲೆ ಐತಿ. ನನ್ನ ಹೆಸರೀಲೆ ಇರೋದು ಇದೊಂದ ನೋಡು” ಎಂದಳು. ದಿನಾ ಸಿಂಧನೂರಿಗೆ ಕೆಲಸಕ್ಕೆ ಹೋಗುತ್ತೇನೆ, ಅಲ್ಲಿಂದ ಅದರ ಕೊರಳಿಗೊಂದು ಬೆಲ್ಟು ತಂದರಾಯಿತು ಅಂದುಕೊಂಡೆ. ದಿನಾ ಹೋದೆ, ದಿನಾ ಬಂದೆ.

ನಾಯಿ ಹಿಡಿಯುವ ಗಾಡಿ ಬಂದಾಗ ನಾನಿರಲಿಲ್ಲ. ನಡೆದದ್ದನ್ನು ಪಕ್ಕದ ಮನೆಯ ಟೈಲರ್ ಚಾಚಾ ಹೇಳಿದರು. “ಬಲೆ ಹಾಕೋದು ಬೇಕಾಗ್ಲಿಲ್ಲಪಾ. ಅವರು ಬಾ ಅಂದ್ರು, ಇದು ಬಾಲ ಅಲ್ಲಾಡಿಸ್ಕೋತ ಹೋತು. ನಿಮ್ಮವ್ವ ಪಟ್ಟಾ ಐತಿ, ನಿಂದರ್ರಿ ಅಂತ ಒಳಗ ಓಡಿದ್ಲು. ಅವರು ಕೊರಳು ನೋಡಿದ್ರು. ಎಲ್ಲೈತಿ ಅಂದ್ರು, ಹೋದ್ರು.”

ಅವ್ವ ಕಾಗದ ಇಟ್ಟಿದ್ದ ಪೆಟ್ಟಿಗೆಯ ಕೀಲಿ ತೆಗೆದು ಹೊರಗೆ ಬರುವಷ್ಟರಲ್ಲಿ ಗಾಡಿ ಲಿಂಗಸುಗೂರಿನ ದಾರಿ ಹಿಡಿದಿತ್ತು.

ಮರುದಿನ ಇಬ್ಬರೂ ಬಸ್ಸಿನಲ್ಲಿ ಹೋದೆವು. ಲಿಂಗಸುಗೂರಿನ ಹೊರಗಿನ ತಗಡಿನ ಶೆಡ್ಡಿನಲ್ಲಿ ನಾಯಿಗಳಿದ್ದವು, ನಮ್ಮದಿರಲಿಲ್ಲ. ದಾರಿಯಲ್ಲಿ ನೀರು ಕುಡಿಸಲು ಬಾಗಿಲು ತೆಗೆದಾಗ ಎರಡು ಜಿಗಿದು ಓಡಿದವೆಂದು ಅಲ್ಲಿಯವನು ಹೇಳಿದ. “ಕೊರಳಾಗ ಪಟ್ಟಾ, ಅದರಾಗ ನಂಬರು ಇದ್ದಿದ್ರ ಯಾರರ ಫೋನ್ ಮಾಡ್ತಿದ್ರು.” ಅವ್ವ ತನ್ನ ಕೈಯಲ್ಲಿದ್ದ ಕಾಗದ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ವಾಪಸ್ಸು ಬರುವಾಗ ಉದ್ದಕ್ಕೂ ಕಿಟಕಿಯಿಂದ ಹೊಲಗಳನ್ನು ನೋಡುತ್ತಿದ್ದಳು.

ಅವತ್ತು ಕೆಂಪು ಬೆಲ್ಟು ನನ್ನ ಚೀಲದಲ್ಲೇ ಇತ್ತು, ಒಂದೇ ದಿನ ತಡವಾಯಿತು ಎಂದು ಬಹಳ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ನಾನೂ ನಂಬಿದ್ದೆ. ಈ ಬರಹಕ್ಕೆಂದು ಬೆಲ್ಟು ಹುಡುಕಿ ತೆಗೆದಾಗ ಅಂಗಡಿಯ ಚೀಟಿ ಅದಕ್ಕೆ ಅಂಟಿಕೊಂಡೇ ಇತ್ತು. ಅದರ ಮೇಲಿನ ತಾರೀಖು ನೋಡಿದರೆ, ನಾಯಿ ಹೋದ ಮುಂದಿನ ವಾರ ಕೊಂಡದ್ದು ಅದು. ಯಾಕೆ ಕೊಂಡೆನೋ ನೆನಪಿಲ್ಲ.

ವರ್ಷ ತುಂಬಿದಾಗ ಅವ್ವ ಕಾಗದ ಹಿಡಿದು ಕಚೇರಿಗೆ ಹೊರಟಳು. ಹಿಂದೆ ನಾನೂ ಹೋದೆ.

“ಲಸಿಕಿ ಚೀಟಿ? ನಾಯಿ ಎಲ್ಲೈತ್ ಯವ್ವಾ?” ಗುಮಾಸ್ತ ಕೇಳಿದ.

ನಾಯಿ ಹೋದದ್ದನ್ನು ನಾನೇ ಹೇಳಿದೆ. ಅವನು ದನಿ ತಗ್ಗಿಸಿ, “ಹಂಗಾರ ಇದನ್ನ ರದ್ದು ಮಾಡಿಸ್ಬೇಕ್ರಿ. ಕಾಯ್ದೆ ಐತಿ” ಎಂದ.

“ರದ್ದು ಮಾಡಿದ ಮ್ಯಾಲೆ ಯಾರರ ನಾಯಿ ಹಿಡಕೊಂಡು ಬಂದ್ರ, ಯಾರ್ದು ಅಂತ ಹೇಳ್ತೀರಿ?” ಎಂದಳು ಅವ್ವ.

ಅವನು ಪೆನ್ನನ್ನು ಮುಚ್ಚಿ ರಿಜಿಸ್ಟರಿನ ಮೇಲೆ ಇಟ್ಟ. ಅವ್ವ ಕಾಗದ ಎಳೆದುಕೊಂಡು, ಹಳೆಯ ಮಡಿಕೆಗಳಲ್ಲೇ ಮಡಿಚಿದಳು.