ಕಡಲು ನೋಡಲು ಹೋದ ಬಸ್ಸು

ನಮ್ಮಕ್ಕ ಮದುವೆಯಾದದ್ದು ಕುಶಾಲನಗರದ ಸಂತೆಗೆ ಒಣಮೀನು ತರುತ್ತಿದ್ದವನನ್ನು. ಹಾಸನದ ಕಡೆಯಿಂದ ಕೊಡಗಿಗೆ ಬಂದು ನೆಲೆಸಿದ ನಮ್ಮ ಮನೆಯವರು ಅವಳನ್ನು ಬಿಟ್ಟೇಬಿಟ್ಟರು. ನಾನೊಬ್ಬ ಮಾತ್ರ ಫೋನ್ ಮಾಡುತ್ತಿದ್ದೆ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು ನಾನು. ಕಲಿತ ಅಷ್ಟು ಅಕ್ಷರವನ್ನೂ ತಿದ್ದಿಸಿದವಳು ಅಕ್ಕನೇ.

ಕರಾವಳಿಯ ನಗರದಲ್ಲಿ ಹಡಗುಗಳಿಗೆ ಜಾಗ ಸಾಲದೆ, ನಗರದಾಚೆ ಅವಳ ಗಂಡನ ಹಳ್ಳಿಯ ದಡದಲ್ಲೇ ಹೊಸ ಬಂದರು ಕಟ್ಟುತ್ತಾರೆಂದು ಅವಳು ಹೇಳಿದ್ದಳು. "ಮೀನು ಒಣಗಿಸೋ ಜಾಗಾನೇ ಹೋಗುತ್ತೆ ಕಣೋ ತಮ್ಮಾ. ಊರೋರನ್ನ ಕೇಳೋಕೆ ಸಭೆ ಇಡ್ತಾರಂತೆ. ನಾನೇ ಮಾತಾಡ್ತೀನಿ ನೋಡು." ನಾನು ಬಿಟ್ಟಂಗಾಲದ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಲೇ ಹೂಂ ಎಂದಿದ್ದೆ.

ಕಾಫಿ ಪಿಕಿಂಗ್ ಮುಗಿದ ವಾರ ಮೇಸ್ತ್ರಿ ನಮ್ಮ ಕೂಲಿಯವರ ಲೈನ್ ಮನೆಗಳಿಗೆ ಬಂದ. "ಸಮುದ್ರ ನೋಡೋಕೆ ಬಸ್ಸು ಬರುತ್ತೆ. ಊಟಾನೂ ಬಸ್ಸು ಕಳ್ಸೋರ್ದೇ."

"ಅಲ್ಲೂ ಪಿಕಿಂಗ್ ಇಟ್ಟಿದೀರಾ ಮೇಸ್ತ್ರಿ?" ಎಂದು ಪಕ್ಕದ ಮನೆಯ ಅಜ್ಜಿ ಕೇಳಿದ್ದಕ್ಕೆ ಎಲ್ಲರೂ ನಕ್ಕರು.

ಹೋಗುವುದು ಅಕ್ಕನ ಊರಿಗೇ ಎಂದು ತಿಳಿದು ನನಗೆ ಖುಷಿಯೋ ಖುಷಿ. "ಸಂಜೆ ನಿಮ್ಮಕ್ಕನ ಮನೆಗೆ ನಾನೇ ಕರ್ಕೊಂಡೋಗ್ತೀನಿ" ಎಂದು ಮೇಸ್ತ್ರಿ ಮಾತು ಕೊಟ್ಟ. ಒಂದು ಪೊಟ್ಟಣ ಕರಿಮೆಣಸು ಕಟ್ಟಿಕೊಂಡೆ.

ಬಸ್ಸು ನಿಂತದ್ದು ಶಾಮಿಯಾನದ ಮುಂದೆ. ಇಳಿಯುವಾಗ ಎಲ್ಲರಿಗೂ ಒಂದೊಂದು ನೀಲಿ ಟೋಪಿ ಕೊಟ್ಟರು. "ಬಂದರು ಬೇಕಾ ಅಂದ್ರೆ ಕೈ ಎತ್ತಿ. ಯಾವೂರು ಅಂದ್ರೆ ಇದೇ ಊರು ಅನ್ನಿ. ಬೇರೆ ಏನಾದ್ರೂ ಬಾಯಿಬಿಟ್ಟೋರಿಗೆ ಮುಂದಿನ ವರ್ಷ ಕೆಲ್ಸ ಇಲ್ಲ" ಎಂದ ಮೇಸ್ತ್ರಿ. ಅಕ್ಕ ಹೇಳಿದ್ದ ಸಭೆ ಇದೇ ಎಂದು ಆಗ ತಿಳಿಯಿತು. ತಿಳಿದ ಮೇಲೂ ಹೋಗಿ ಕೂತೆ. ಕೇಳಿದಾಗ ಕೈಯನ್ನೂ ಎತ್ತಿದೆ.

ಎದುರು ಸಾಲಿನಿಂದ ಅಕ್ಕ ಎದ್ದು ಮೈಕ್ ಹಿಡಿದಳು. "ಸ್ವಾಮಿ, ಈ ಟೋಪಿಯೋರು ನಮ್ಮೂರೋರಲ್ಲ. ಬಸ್ಸಲ್ಲಿ ತುಂಬ್ಕೊಂಡು ಬಂದೋರು."

"ಎಲ್ಲಿಯವರಮ್ಮ? ಒಬ್ಬರನ್ನಾದ್ರೂ ತೋರಿಸಿ ಹೇಳಿ, ಬರ್ಕೋತೀವಿ" ಎಂದರು ಅಧಿಕಾರಿ.

ಅಕ್ಕ ಬೆರಳು ಚಾಚಿ ಒಂದೊಂದೇ ಮುಖ ನೋಡುತ್ತ ಬಂದಳು. ನನ್ನ ಹತ್ತಿರ ಬಂದು ಬೆರಳು ನಿಂತಿತು. ಆಮೇಲೆ ಕೆಳಗಿಳಿಯಿತು. ನಾನು ಎದ್ದು, "ನಾನು ಕೊಡಗಿನವನು, ಇವಳ ತಮ್ಮ" ಎಂದಿದ್ದರೆ ಅವಳ ಮಾತು ಗೆಲ್ಲುತ್ತಿತ್ತು. ನಾನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡೆ.

"ಗೊತ್ತಿಲ್ಲ ಸ್ವಾಮಿ" ಎಂದಳು ಅಕ್ಕ. ನಮ್ಮ ಸಾಲಿನಲ್ಲಿ ಯಾರೋ ನಕ್ಕರು.

ಸಭೆ ಮುಗಿದ ಕೂಡಲೇ ನಮ್ಮನ್ನು ಮತ್ತೆ ಬಸ್ಸು ಹತ್ತಿಸಿದರು. ಅಕ್ಕನ ಮನೆಯ ಮಾತೆತ್ತಿದರೆ ಮೇಸ್ತ್ರಿ ಮುಖ ತಿರುಗಿಸಿದ. ಸಮುದ್ರ ಕಿಟಕಿಯಿಂದ ಕಂಡಷ್ಟೇ. ಕರಿಮೆಣಸು ಚೀಲದಲ್ಲೇ ವಾಪಸ್ ಬಂತು. ಮೇಸ್ತ್ರಿ ಮೋಸ ಮಾಡಿದ ಎಂದು ಲೈನಿನಲ್ಲಿ ಎಲ್ಲರ ಹತ್ತಿರವೂ ಹೇಳಿಕೊಂಡೆ. ಮಾಡಿದ್ದೂ ನಿಜ. ಆದರೆ ಅವನಿಗೆ ಅಕ್ಕ ಏನೂ ಆಗಬೇಕಿರಲಿಲ್ಲ.

ಈಗ ಆ ದಡಕ್ಕೆ ಲಾರಿಗಳು ಕಲ್ಲು ಸುರಿಯುತ್ತಿವೆ. ಮೊನ್ನೆ ಧೈರ್ಯ ಮಾಡಿ ಫೋನ್ ಮಾಡಿದೆ. ನಾನು ಅಂದಿನ ಮಾತು ತೆಗೆಯುತ್ತಿದ್ದಂತೆ ಅಕ್ಕ ತಡೆದಳು.

"ಈ ವರ್ಷ ಕೆಲ್ಸ ಕೊಟ್ಟನಾ ನಿಮ್ಮ ಮೇಸ್ತ್ರಿ?"

"ಕೊಟ್ಟ ಅಕ್ಕ."

"ಹಂಗಾದ್ರೆ ಸರಿ" ಎಂದು ಫೋನ್ ಇಟ್ಟಳು.