ನಗುವಿಗೆ ಐದು ಅಂಕ

ಹಲಗಿ ಬಾರಿಸುವಾಗ ನಕ್ಕರೆ ಐದು ಅಂಕ. ಇದು ನಾನು ಕಟ್ಟಿದ ಮಾತಲ್ಲ, ತೀರ್ಪುಗಾರರ ಕೈಯಲ್ಲಿದ್ದ ಹಾಳೆಯಲ್ಲಿ ಅಚ್ಚಾಗಿತ್ತು. ಸಮವಸ್ತ್ರಕ್ಕೆ ಹದಿನೈದು, ಸಾಲು ಕಟ್ಟುವುದಕ್ಕೆ ಇಪ್ಪತ್ತು, ವೇದಿಕೆ ಹತ್ತಿ ಇಳಿಯುವ ಶಿಸ್ತಿಗೆ ಹತ್ತು, ಮುಖಭಾವಕ್ಕೆ ಐದು. ಹೀಗೆ ಇಳಿಯುತ್ತಾ ಇಳಿಯುತ್ತಾ ಕೊನೆಯ ಸಾಲಿನಲ್ಲಿ ‘ವಾದನ’ ಎಂದು ಒಂದು ಮಾತಿತ್ತು. ಮದುವೆ ಮನೆಯಲ್ಲಿ ಎಲ್ಲರೂ ಉಂಡು ಎದ್ದ ಮೇಲೆ ಅಡುಗೆಯವನನ್ನು ಊಟಕ್ಕೆ ಕರೆದ ಹಾಗೆ.

ಅಂಥ ಸ್ಪರ್ಧೆಗಳಲ್ಲಿ ನಾನು ನಾಲ್ಕು ವರ್ಷ ಬಾರಿಸಿದೆ. ಬಾರಿಸಿದೆ ಎನ್ನುವುದಕ್ಕಿಂತ ಜಿಗಿದೆ, ಕುಣಿದೆ, ಇನ್ನೊಬ್ಬನ ಹೆಗಲೇರಿ ನಿಂತು ಕೋಲನ್ನು ಮೇಲಕ್ಕೆ ಎಸೆದು ಹಿಡಿದೆ ಎನ್ನುವುದೇ ಸರಿ. ಈಗಲೂ ಆ ತಂಡದ ಹುಡುಗರು ನಾನು ಕೆಲಸ ಮಾಡುವ ಕಡೆ ಬಂದು, ‘ಅಣ್ಣಾ, ಒಂದೀಟ ಬಂದು ನಮ್ಮ ಪ್ರಾಕ್ಟೀಸ್ ನೋಡ್ರಿ’ ಎನ್ನುತ್ತಾರೆ. ನನ್ನ ಕೈಯಲ್ಲಿ ಸಿಮೆಂಟಿನ ಕರಣಿ ಇರುತ್ತದೆ. ನೆಲ ಆರುವುದರೊಳಗೆ ಮುಗಿಸಬೇಕು, ಹೋಗ್ರಪಾ ಎಂದು ಕಳಿಸುತ್ತೇನೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಶಹಾಪುರದಲ್ಲಿ ಫರಸಿ ಕಲ್ಲು ಹಾಸುವ ಕೆಲಸ ನನ್ನದು. ನಾನು ಹಾಸಿದ ನೆಲದ ಮೇಲೆ ಒಂದು ತಂಬಿಗೆ ನೀರು ಚೆಲ್ಲಿದರೆ ಅದು ಮೋರಿಯ ದಾರಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಕಲ್ಲಿನ ಕೆಳಗೆ ಎಲ್ಲಿ ಪೊಳ್ಳಿದೆ ಎಂಬುದನ್ನು ಸುತ್ತಿಗೆಯ ಹಿಡಿಯಿಂದ ಬಡಿದು ಕಿವಿಯಲ್ಲೇ ಹಿಡಿಯುತ್ತೇನೆ. ಡಿಗ್ರಿ ಮಾಡಿದ ಇಂಜಿನಿಯರುಗಳು ನನ್ನ ಹಿಂದೆ ನಿಂತು ‘ಹೌದಾ?’ ಎಂದು ಕೇಳಿದ್ದಾರೆ. ಆ ಕಿವಿ ನನಗೆ ಹಲಗಿಯಿಂದ ಬಂತು. ಹಲಗಿ ಬಂದದ್ದು ಕಕ್ಕೇರಾದ ಸೋದರಮಾವನಿಂದ. ಅಪ್ಪನಿಂದ ಬರಲಿಲ್ಲ.

ಅಪ್ಪ ಹಲಗಿ ಬಿಟ್ಟಾಗ ನಾನು ಇನ್ನೂ ಅಂಗಿ ಗುಂಡಿ ಹಾಕಿಕೊಳ್ಳಲು ಕಲಿಯುತ್ತಿದ್ದೆ. ದೋರನಹಳ್ಳಿ ಹತ್ತಿರದ ನಮ್ಮ ಊರಿನಲ್ಲಿ ಅಗಸಿ, ಅಂದರೆ ಊರಬಾಗಿಲ ಕಡೆಯಿಂದ ಯಾರೋ ಕೂಗಿದರೆ ಅಪ್ಪ ಉಣ್ಣುವ ತಾಟು ಬಿಟ್ಟು ಏಳಬೇಕಿತ್ತು. ಕೂಗುವವರಿಗೆ ಅವನ ಹೆಸರು ಬೇಕಿರಲಿಲ್ಲ. ದೊಡ್ಡವರು ಊರಿಗೆ ಬಂದರೆ ಅವರ ಮುಂದೆ ಬಾರಿಸಬೇಕು, ಅದೂ ಅವರಿಗೆ ಬೆನ್ನು ಕಾಣದಂತೆ ಹಿಂದಕ್ಕೆ ಹೆಜ್ಜೆ ಇಡುತ್ತಾ. ನಮ್ಮ ಕೇರಿಯ ಮನೆಗಳಲ್ಲಿ ಬುದ್ಧನ ಫೋಟೋ ಬಂದ ವರ್ಷ ಅಪ್ಪ ಹಲಗಿಯ ಚರ್ಮ ಬಿಚ್ಚಿದ. ಕಟ್ಟಿಗೆಯ ಬಳೆಗೆ ತಂತಿಯ ಜಾಳಿಗೆ ಹೊಡೆದು ಉಸುಕು ಸೋಸುವ ಜರಡಿ ಮಾಡಿಕೊಂಡ. ಅಗಸಿಯಲ್ಲಿ ಕೂಗಿ ಕೂಗಿ ಒಬ್ಬಾತ ಸಿಟ್ಟಿನಿಂದ ಮನೆಯವರೆಗೂ ಬಂದಾಗ, ಅಪ್ಪ ಅದೇ ಜರಡಿ ತೋರಿಸಿ, ‘ಬಾರಿಸಿ ನೋಡ್ರಿ, ಬರ್ತದೇನು’ ಎಂದನಂತೆ. ಅವ್ವ ಇದನ್ನು ಹೇಳುವಾಗ ಇವತ್ತಿಗೂ ಸೆರಗು ಬಾಯಿಗೆ ಹಿಡಿದು ನಗುತ್ತಾಳೆ.

ಇಂಥವನ ಮಗ ತಂಡ ಸೇರಿದೆ. ಸಂಘವೊಂದು ಹದಿನಾರು ಜನರನ್ನು ಆರಿಸಿತ್ತು. ದಿನಾ ಸಂಜೆ ಭೀಮರಾಯನಗುಡಿಯ ಬಯಲಿನಲ್ಲಿ ತಾಲೀಮು. ಅಪ್ಪನಿಗೆ ನಾನೇ ಹೋಗಿ ಹೇಳಿದೆ.

‘ಇದು ಹಂಗಲ್ಲಪ್ಪ. ಇದು ಕಲಾ. ಸ್ಟೇಜಿನ ಮ್ಯಾಲ ಬಾರಿಸ್ತೀವಿ. ಎಲ್ಲಾರೂ ಕುರ್ಚಿ ಮ್ಯಾಲ ಕುಂತು ಕೇಳ್ತಾರ.’

ಅಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ.

‘ಕುಂತು ಕೇಳ್ತಾರ?’

‘ಹೂಂ.’

‘ಕೇಳಿದ್ರ ಛಲೋ ಆತು. ಒಂದಿನ ನಾನೂ ಬಂದು ಕುಂದರ್ತೀನಿ. ಖರೆ, ಯಾವನರೆ ಒಬ್ಬನ ಮುಂದ ಹಿಂದಕ ಹಿಂದಕ ನಡಕೋತ ಬಾರ್ಸು ಅಂದ್ರು ಅಂದ್ರ, ಅಲ್ಲೇ ಕೆಳಗಿಟ್ಟು ಬರ್ಬೇಕು. ಏನಂತಿ?’

‘ಅಂಥಾದ್ದು ಈಗೆಲ್ಲಿ ಅದಪ್ಪ? ಕಾಲ ಬದಲಾಗ್ಯಾದ.’

‘ಕಾಲದ ಮಾತು ಬ್ಯಾಡ. ನಿನ್ನ ಮಾತು ಹೇಳು.’

ಕೆಳಗಿಟ್ಟು ಬರುತ್ತೇನೆ ಎಂದು ಮಾತು ಕೊಟ್ಟೆ. ಆಗ ನನಗೆ ಅದು ಸುಮ್ಮನೆ ಕೊಟ್ಟ ಮಾತು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ನೋಡು, ನೀನು ಬಿಟ್ಟದ್ದನ್ನು ನಾನು ಎಲ್ಲಿಗೆ ತಂದು ನಿಲ್ಲಿಸಿದ್ದೇನೆ ಎಂದು ತೋರಿಸುವ ಆಸೆಯೇ ದೊಡ್ಡದಾಗಿತ್ತು.

ತಂಡಕ್ಕೆ ಒಬ್ಬ ಮಾಸ್ತರ ಬಂದ. ಬೆಂಗಳೂರಿನ ಕಡೆಯವನು. ಕೊರಳಲ್ಲಿ ಸೀಟಿ, ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಟಿಕ್ ಟಿಕ್ ಎನ್ನುವ ಒಂದು ತಾಳದ ಯಂತ್ರ. ನಾಲ್ಕು ವರ್ಷದಲ್ಲಿ ಅವನು ಹಲಗಿಗೆ ಹಲಗಿ ಎನ್ನಲಿಲ್ಲ, ತಮಟೆ ಎಂದೇ ಕರೆದ. ಅವನ ಕೈಯಲ್ಲಿ ಕೋಲು ಕಂಡದ್ದು ನಮ್ಮ ಕಾಲಿಗೆ ಬಡಿಯುವುದಕ್ಕೆ ಮಾತ್ರ. ನಮ್ಮ ಮಾವನ ಹಲಗಿ ಸತ್ತವರ ಮನೆಯ ಮುಂದೆ ಒಂದು ರೀತಿ, ಹೋರಿ ಓಡಿಸುವಾಗ ಇನ್ನೊಂದು ರೀತಿ ಮಾತಾಡುತ್ತಿತ್ತು. ಮಾಸ್ತರನಿಗೆ ಎಲ್ಲವೂ ಎಂಟು ನಿಮಿಷ. ಎಂಟು ನಿಮಿಷದೊಳಗೆ ಹತ್ತು ಸಾಲು, ಮೂರು ಗೋಪುರ, ಒಂದು ನಕ್ಷತ್ರ.

‘ಹಲ್ಲು ಕಾಣ್ಬೇಕು ಕಣ್ರೋ! ಹಲ್ಲು!’ ಎಂದು ಸೀಟಿ ಊದುತ್ತಿದ್ದ.

ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಆಟೋ ಓಡಿಸುವ ಗೆಳೆಯ ಒಮ್ಮೆ ಕೇಳಿಯೇ ಬಿಟ್ಟ. ‘ಸರ, ನನ್ನವು ಗುಟ್ಕಾ ಹಲ್ಲದಾವ್ರಿ. ಕಂಡ್ರ ಐದು ಅಂಕ ಬರ್ತಾವೋ, ಇದ್ದ ಐದೂ ಹೋಗ್ತಾವೋ?’

ಹದಿನೈದು ಜನ ನಕ್ಕೆವು. ‘ಇದೇ, ಇದೇ ನಗು! ಇದನ್ನೇ ಹಿಡ್ಕೊಳ್ಳಿ!’ ಎಂದು ಮಾಸ್ತರ ಕುಣಿದಾಡಿದ. ತನ್ನನ್ನೇ ಆಡಿಕೊಂಡದ್ದು ತಿಳಿಯದವನು ತಾಳ ಹೇಳಿಕೊಡುತ್ತಿದ್ದ.

ಸುರಪುರದಲ್ಲಿ ಮೊದಲ ಸುತ್ತಿನ ಸ್ಪರ್ಧೆ ನಡೆದಾಗ ನಮ್ಮ ಹಲಗಿಗಳಿಗೆ ಚರ್ಮವೇ ಇರಲಿಲ್ಲ, ಬಿಳಿ ಪ್ಲಾಸ್ಟಿಕ್ ಹಾಳೆ ಇತ್ತು. ಚರ್ಮವಾದರೆ ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಸಬೇಕು. ಕಾಸಿದರೆ ಬಿಗಿಯುತ್ತದೆ, ಬಿಗಿದರೆ ಮಾತಾಡುತ್ತದೆ. ಪ್ಲಾಸ್ಟಿಕ್ಕಿಗೆ ಆ ಗೋಜಿಲ್ಲ. ನಮ್ಮ ನಂತರ ಯಾವುದೋ ಹಳ್ಳಿಯ ನಾಲ್ವರು ಮುದುಕರು ಬಂದರು. ಧೋತರದ ಮೇಲೆ ಧೂಳು, ಸಮವಸ್ತ್ರವಿಲ್ಲ. ಮೈದಾನದ ಮಧ್ಯೆಯೇ ಕುಕ್ಕರಗಾಲಲ್ಲಿ ಕೂತು ಒಣಹುಲ್ಲಿಗೆ ಬೆಂಕಿ ಹಚ್ಚಿ ಹಲಗಿ ಕಾಸತೊಡಗಿದರು. ಒಬ್ಬ ಉಗುರಿನಿಂದ ಮೀಟಿ ಕಿವಿಗೆ ಹಿಡಿದ, ತಲೆ ಅಲ್ಲಾಡಿಸಿದ, ಮತ್ತೆ ಕಾಸಿದ. ಗಡಿಯಾರ ಓಡುತ್ತಿತ್ತು. ಜನ ಸೀಟಿ ಹಾಕಿದರು. ನಾವೂ ನಕ್ಕೆವು. ನಾನೂ ನಕ್ಕೆ. ಅವರಿಗೆ ಉಳಿದದ್ದು ಮೂರೇ ನಿಮಿಷ. ಆ ಮೂರು ನಿಮಿಷದಲ್ಲಿ ನನ್ನ ಪಕ್ಕೆಲುಬಿನ ಒಳಗೆ ಯಾರೋ ಕೈ ಹಾಕಿ ಬಡಿದಂತಾಯಿತು. ನಂತರ ಗಂಟೆ ಹೊಡೆದು ಅವರನ್ನು ಇಳಿಸಿದರು. ಮೊದಲ ಬಹುಮಾನ ನಮಗೆ ಬಂತು.

ಯಾರೋ ದೂರು ಕೊಟ್ಟರೆಂದು ಯಾದಗಿರಿಯ ಜಿಲ್ಲಾ ಮಟ್ಟದ ಸ್ಪರ್ಧೆಗೆ ಚರ್ಮದ ಹಲಗಿಯೇ ಬೇಕು ಎಂದು ನಿಯಮ ಬಂತು. ನನಗೆ ಖುಷಿಯಾಯಿತು. ಅಪ್ಪನನ್ನು ಕರೆದುಕೊಂಡು ಹೋಗಲು ಇದೇ ಸರಿಯಾದ ದಿನ ಎಂದುಕೊಂಡೆ. ಮಾಸ್ತರ ಹದಿನಾರು ಹೊಸ ಚರ್ಮ ಕಟ್ಟಿಸಿ ತಂದ. ತಂದವನು ಸುಮ್ಮನಿರಲಿಲ್ಲ. ಸ್ಪರ್ಧೆಯ ಮುನ್ನಾದಿನ ಬಯಲಿಗೆ ಹೋಗಿ ನೋಡಿದರೆ ಹದಿನಾರೂ ಹಲಗಿ ಸಾಲಾಗಿ ಬಿಸಿಲಿಗೆ ಒರಗಿದ್ದವು. ಮುಖದ ತುಂಬ ಎಣ್ಣೆ ಬಣ್ಣ, ಬಾಗಿಲಿಗೆ ಹೊಡೆಯುತ್ತಾರಲ್ಲ, ಅದು. ಎಂಟು ಹಳದಿ, ಎಂಟು ಕೆಂಪು.

‘ಸರ, ಚರ್ಮಕ್ಕ ಪೇಂಟ್ ಹೊಡೀತಾರೇನ್ರಿ ಯಾರರೆ? ಇದನ್ನ ಕಾಸೋದು ಹ್ಯಾಂಗ?’

‘ಕಾಸೋದೇ ಬೇಡ. ಟೈಮ್ ವೇಸ್ಟು.’

‘ಕಾಸಲಿಲ್ಲಂದ್ರ ದನಿ ಬರಂಗಿಲ್ರಿ.’

‘ದನಿ ಯಾರ್ ನೋಡ್ತಾರೋ? ನಾಡಿನ ಬಣ್ಣ ಕಣೋ ಅದು. ಯಾವ ಜಡ್ಜ್ ಅಂಕ ಕಮ್ಮಿ ಹಾಕ್ತಾನೆ ನೋಡೇ ಬಿಡೋಣ.’

ನಾನು ಒಂದನ್ನು ಎತ್ತಿ ಬಡಿದೆ. ತೊಯ್ದ ಗೋಣಿಚೀಲಕ್ಕೆ ಒದ್ದ ಹಾಗೆ ಡಬ್ ಎಂದಿತು. ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಅಪ್ಪನಿಗೆ ನಾಳೆ ಬರುವ ಬಸ್ಸಿನ ಹೊತ್ತು ಆಗಲೇ ಹೇಳಿ ಬಂದಿದ್ದೆ.

ಅಪ್ಪ ಬಂದ. ಒಗೆದ ಬಿಳಿ ಅಂಗಿ, ಕಿವಿಯಲ್ಲಿ ಬೀಡಿ ಇಲ್ಲ. ಶಾಮಿಯಾನದಲ್ಲಿ ಮೂರನೇ ಸಾಲಿನ ಕುರ್ಚಿಯಲ್ಲಿ ನಾನೇ ಕೂರಿಸಿದೆ. ನಾವು ಎಂಟು ನಿಮಿಷ ಬಾರಿಸಿದೆವು. ಹದಿನಾರು ಹಲಗಿ ಸೇರಿ ಒಂದು ಹಲಗಿಯ ದನಿ ಬರಲಿಲ್ಲ. ಗೋಪುರ ಕಟ್ಟಿದೆವು, ಕೋಲು ಎಸೆದೆವು, ಹಲ್ಲು ತೋರಿಸಿದೆವು. ಕೊನೆಗೆ ಹದಿನಾರು ಜನ ಹಲಗಿಗಳನ್ನು ತಲೆಯ ಮೇಲೆ ಒಟ್ಟಿಗೆ ಹಿಡಿದಾಗ ದೊಡ್ಡ ಬಾವುಟದಂತೆ ಕಂಡಿತಂತೆ. ಜನ ಚಪ್ಪಾಳೆ ತಟ್ಟಿದರು. ತೀರ್ಪುಗಾರರು ಮೂವರೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಒಬ್ಬನೂ ಕಿವಿ ಕೊಡಲಿಲ್ಲ ಎಂದು ನಾನು ಯಾರ ಮೇಲೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ.

ಮೊದಲ ಬಹುಮಾನ ನಮಗೇ. ಮೈಕಿನಲ್ಲಿ ತಂಡದ ಹೆಸರು ಕೇಳಿದಾಗ, ಹಾಳು ಮನಸ್ಸು, ಹಿಗ್ಗಿತು. ಅಪ್ಪನ ಕಡೆ ನೋಡಿ ಕೈ ಎತ್ತಿದೆ. ಅವನೂ ಎತ್ತಿದ.

ಬಹುಮಾನ ಕೊಡಬೇಕಾದ ಸಾಹೇಬರು ಇನ್ನೂ ಬಂದಿರಲಿಲ್ಲ. ಮೂರು ತಾಸು ಕಾದ ಮೇಲೆ ಗೇಟಿನ ಹತ್ತಿರ ಕಾರುಗಳ ಧೂಳೆದ್ದಿತು. ಮೈಕಿನವನು ಕೂಗಿದ. ‘ಗೆದ್ದ ತಂಡದವರು ಕೂಡಲೇ ಗೇಟಿಗೆ ಹೋಗಬೇಕು. ಸಾಹೇಬರನ್ನು ವಾದ್ಯದೊಂದಿಗೆ ವೇದಿಕೆಗೆ ಕರೆತರಬೇಕು.’

ಮಾಸ್ತರ ನಮ್ಮನ್ನು ಓಡಿಸಿಕೊಂಡು ಹೋಗಿ ಗೇಟಿನಲ್ಲಿ ಎರಡು ಸಾಲು ಮಾಡಿದ. ‘ಮುಖ ಸಾಹೇಬರ ಕಡೆ. ಬಾರಿಸ್ತಾ ಹಿಂದಕ್ಕೆ ಹೆಜ್ಜೆ ಹಾಕಿ. ಬೆನ್ನು ತೋರಿಸ್ಬೇಡಿ, ಮರ್ಯಾದೆ ಅಲ್ಲ ಅದು.’

‘ಸರ, ಇದು ಸ್ಪರ್ಧಾದಾಗ ಇರಲಿಲ್ಲಲ್ರಿ’ ಎಂದೆ.

‘ಗೆದ್ದೋರಿಗೆ ಸಿಗೋ ಗೌರವ ಕಣೋ ಇದು! ಸೋತೋರ್ನ ಕೇಳು, ಹೊಟ್ಟೆ ಉರ್ಕೊಂಡು ಸಾಯ್ತಿದಾರೆ.’

ಇಲ್ಲಿ ನಾನು ಹಲಗಿ ಕೆಳಗಿಟ್ಟೆ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ನಾನು ಇಡಲಿಲ್ಲ. ಹದಿನೈದು ಜನ ಶುರು ಮಾಡಿದರು, ಕೈ ತಾನಾಗಿ ಏಳುತ್ತದೆ. ಇಷ್ಟೇ ದಾರಿ, ಮುಗಿಸಿಬಿಡೋಣ ಎಂದುಕೊಂಡೆ. ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಬಾರಿಸಿದೆ. ಹಾಗೆ ನಡೆಯುವವನಿಗೆ ಮುಂದೆ ಯಾರಿದ್ದಾರೆ ಎಂಬುದು ದಾಟಿದ ಮೇಲಷ್ಟೇ ಕಾಣುತ್ತದೆ. ಶಾಮಿಯಾನದೊಳಗೆ ಹೊಕ್ಕೆವು. ಸಾಹೇಬರನ್ನು ಕಂಡು ಜನರೆಲ್ಲ ಎದ್ದು ನಿಂತಿದ್ದರು. ಮೂರನೇ ಸಾಲು ದಾಟಿದಾಗ ನಿಂತವರ ಸೊಂಟಗಳ ನಡುವೆ ಅಪ್ಪ ಕಂಡ. ಅವನೊಬ್ಬನೇ ಕೂತಿದ್ದ. ಕೈ ಎರಡೂ ಮೊಳಕಾಲ ಮೇಲೆ. ನನ್ನನ್ನೇ ನೋಡುತ್ತಿದ್ದ. ನಾನು ಬಾರಿಸುತ್ತಲೇ ವೇದಿಕೆಯವರೆಗೂ ಹೋದೆ.

ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಫೋಟೋ ತೆಗೆಯುವವನು ಓಡಿ ಬಂದು ಸಾಹೇಬರ ಕಡೆಯವನೊಬ್ಬನ ಕಿವಿಯಲ್ಲಿ ಏನೋ ಹೇಳಿದ. ಜನರ ತಲೆ ಅಡ್ಡ ಬಂದು ಅವನಿಗೆ ಫೋಟೋ ಸರಿಯಾಗಿ ಸಿಕ್ಕಿರಲಿಲ್ಲವಂತೆ. ಸಾಹೇಬರು ನಗುತ್ತಾ ತಿರುಗಿ ಗೇಟಿನ ಕಡೆ ನಡೆದರು. ಮಾಸ್ತರ ಸೀಟಿ ಊದಿದ.

‘ಇನ್ನೊಂದ್ ಸಲ! ಇನ್ನೊಂದ್ ಸಲ ಗೇಟಿಂದ!’

ಹದಿನೈದು ಜನ ಗೇಟಿಗೆ ಓಡಿದರು. ನಾನು ಹಲಗಿಯನ್ನು ವೇದಿಕೆಯ ಮೆಟ್ಟಿಲ ಮೇಲೆ ಇಟ್ಟು, ಅಪ್ಪನ ಪಕ್ಕದ ಖಾಲಿ ಕುರ್ಚಿಯಲ್ಲಿ ಹೋಗಿ ಕೂತೆ. ಮತ್ತೆ ಡಬ್ ಡಬ್ ಶುರುವಾಯಿತು. ಮತ್ತೆ ಎಲ್ಲರೂ ಎದ್ದರು. ನನ್ನ ಜಾಗ ಖಾಲಿ ಕಾಣದಂತೆ ಸಾಲು ತಾನೇ ಕೂಡಿಕೊಂಡಿತ್ತು. ಎದೆಗೆ ಬ್ಯಾಡ್ಜು ಹಾಕಿಕೊಂಡವನೊಬ್ಬ ಬಾಗಿ ಹೇಳಿದ, ‘ಏಳ್ರಿ ಯಜಮಾನ್ರ, ಸಾಹೇಬ್ರು ಬಂದಾರ.’

‘ಆಗಳೇ ಬಂದಿದ್ರಲ್ರಿ’ ಎಂದ ಅಪ್ಪ.

ಬ್ಯಾಡ್ಜಿನವನು ನನ್ನ ಮೈಮೇಲಿದ್ದ ತಂಡದ ಹಳದಿ ಕೆಂಪು ಅಂಗಿ ನೋಡಿದ, ಏನೂ ಹೊಳೆಯದೆ ಮುಂದೆ ಹೋದ.

ಬಹುಮಾನಕ್ಕೆ ನಾವು ನಿಲ್ಲಲಿಲ್ಲ. ಶಹಾಪುರದ ಬಸ್ಸಿನಲ್ಲಿ ಸೀಟು ಸಿಕ್ಕಿತು. ನಾನು ಮಾತು ಉಳಿಸಿಕೊಂಡೆ ಎಂದು ಅಪ್ಪ ಹೇಳಬಹುದೆಂದು ಬಹಳ ಹೊತ್ತು ಕಾದೆ. ಊರು ದಾಟಿದ ಮೇಲೆ ಅವನು ಕಿಟಕಿಯ ಕಡೆ ನೋಡುತ್ತಲೇ ಕೇಳಿದ.

‘ಎರಡನೇ ಸಲ ಬಿಟ್ಟಿ. ಮೊದಲ್ನೇ ಸಲ ಯಾರ ಸಲುವಾಗಿ ಬಾರಿಸ್ದಿ?’

ನಾನು ಏನೋ ಹೇಳಲು ಹೋದೆ. ಎಲ್ಲರೂ ಶುರು ಮಾಡಿದರು, ಕೈ ಎದ್ದಿತು, ಅದೂ ಇದೂ. ಅಪ್ಪ ಕೇಳಿಸಿಕೊಂಡ. ನನ್ನ ನೈಲಾನ್ ಅಂಗಿಯ ತೋಳು ಹಿಡಿದು ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ‘ಇದನ್ನ ಕೆಲಸಕ್ಕ ಹಾಕ್ಕೋಬ್ಯಾಡ. ಬಿಸಿಲಿಗಿ ಮೈ ಸುಡ್ತದ’ ಎಂದ.